ಮೈನಸ್ 7ರ ಚೀಲದಲ್ಲಿ ನಡುಗಿದ ರಾತ್ರಿ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಟುವಾಲಮಿ ಮೆಡೋಸ್ ಎಂಬ ದೊಡ್ಡ ಹುಲ್ಲುಗಾವಲಿದೆ. ಎತ್ತರ ಸುಮಾರು 2,600 ಮೀಟರ್. ಮೆಕ್ಸಿಕೊ ಗಡಿಯಿಂದ ಕೆನಡಾದವರೆಗೆ ಸುಮಾರು 4,260 ಕಿಲೋಮೀಟರ್ ಸಾಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅಲ್ಲಿಂದಲೇ ಹಾದುಹೋಗುತ್ತದೆ. ಒಂದು ಸೆಪ್ಟೆಂಬರ್ ರಾತ್ರಿ ಅಲ್ಲಿನ ಶಿಬಿರತಾಣದಲ್ಲಿ ನಾನು ಹಲ್ಲು ಕಟಕಟಿಸುತ್ತ ಬೆಳಗು ಮಾಡಿದೆ. ಎದ್ದಾಗ ಬಾಟಲಿಯ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅಂದರೆ ಚಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿದ್ದಿರಬೇಕು. ನಾನು ಹೊದ್ದಿದ್ದ ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೈನಸ್ 7 ಎಂದು ಬರೆದಿತ್ತು.

ಮೋಸ ಹೋದೆ ಎಂದುಕೊಂಡೆ. ಊರಿಗೆ ಬಂದು ಓದಿ ನೋಡಿದ ಮೇಲೆ ತಿಳಿದದ್ದು, ಚೀಲ ಸುಳ್ಳು ಹೇಳಿರಲಿಲ್ಲ, ಅದು ಹೇಳಿದ್ದನ್ನು ನಾನು ತಪ್ಪಾಗಿ ಓದಿದ್ದೆ. ದೂರದ ನಡಿಗೆಗೆ ಹಗುರವಾದ ಡೌನ್ ಚೀಲ ಕೊಳ್ಳಲು ಹೊರಟವರು ಅಂಗಡಿಯ ಪುಟದಲ್ಲಿ ಮೂರು ಸಂಖ್ಯೆಗಳನ್ನು ನೋಡುತ್ತಾರೆ: ತಾಪಮಾನ, ಫಿಲ್ ಪವರ್, ಒಟ್ಟು ತೂಕ. ಈ ಮೂರರಲ್ಲಿ ಯಾವುದೊಂದೂ ತಾನಾಗಿ ಪೂರ್ತಿ ವಿಷಯ ಹೇಳುವುದಿಲ್ಲ. ನಿಜಕ್ಕೂ ಬೇಕಾದ ನಾಲ್ಕನೆಯ ಸಂಖ್ಯೆ ಹೆಚ್ಚಾಗಿ ಪುಟದ ಅಡಿಯಲ್ಲೆಲ್ಲೋ ಸಣ್ಣಕ್ಷರದಲ್ಲಿ ಕೂತಿರುತ್ತದೆ.

ಮೊದಲಿಗೆ ಡೌನ್ ಎಂದರೇನು ಎಂಬುದು. ಹೆಬ್ಬಾತು ಅಥವಾ ಬಾತುಕೋಳಿಯ ಎದೆಯಲ್ಲಿ, ಹೊರಗೆ ಕಾಣುವ ಗರಿಗಳ ಕೆಳಗೆ, ಹತ್ತಿಯ ಹಿಂಜಿನಂಥ ಮೃದುವಾದ ತುಪ್ಪಳವಿರುತ್ತದೆ. ಗರಿಗೆ ನಡುವೆ ದಂಟು ಇರುತ್ತದೆ, ಇದಕ್ಕೆ ಇರುವುದಿಲ್ಲ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಚಾಚಿದ ನವಿರಾದ ಎಳೆಗಳ ಉಂಡೆ ಅದು, ಎಕ್ಕದ ಬೀಜದ ಕುಚ್ಚನ್ನು ನೆನಪಿಸುವಂಥದ್ದು. ಇಂಥ ಸಾವಿರಾರು ಉಂಡೆಗಳು ಒಂದರ ಮೇಲೊಂದು ಕೂತಾಗ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲುಗಾಡದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಡೌನ್ ಮಾಡುವ ಕೆಲಸ ಇಷ್ಟೇ, ಗಾಳಿ ಅಲುಗಾಡದಂತೆ ಹಿಡಿದಿಡುವುದು. ಶಾಖ ಬರುವುದು ನಿಮ್ಮ ಮೈಯಿಂದ. ಹಸಿದು, ದಣಿದು, ಒದ್ದೆ ಸಾಕ್ಸಿನಲ್ಲಿ ಒಳಗೆ ನುಗ್ಗಿದರೆ ಎಂಥ ದುಬಾರಿ ಚೀಲವೂ ಬೆಚ್ಚಗಾಗುವುದಿಲ್ಲ, ಏಕೆಂದರೆ ಒಲೆಯೇ ಆರಿರುತ್ತದೆ.

ಈ ತಿಳಿವು ಹೊಸದಲ್ಲ. 1922ರ ಎವರೆಸ್ಟ್ ದಂಡಯಾತ್ರೆಗೆ ಜಾರ್ಜ್ ಫಿಂಚ್ ಎಂಬ ಆರೋಹಿ ಬಲೂನಿನ ಬಟ್ಟೆಯೊಳಗೆ ಡೌನ್ ತುಂಬಿಸಿದ ಕೋಟು ಹೊಲಿಸಿಕೊಂಡು ಹೋದ. ಉಣ್ಣೆ ಮತ್ತು ಟ್ವೀಡ್ ತೊಟ್ಟ ಜತೆಗಾರರಿಗೆ ಅದು ನಗೆಪಾಟಲಾಗಿ ಕಂಡಿತ್ತು. ಮೇಲೆ ಏರಿದ ಹಾಗೆ ನಗು ಅಸೂಯೆಯಾಯಿತು.

ಈಗ ಫಿಲ್ ಪವರ್. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನನ್ನು ಪ್ರಯೋಗಾಲಯದ ಕೊಳವೆಯೊಳಗೆ ಹಾಕಿ, ಮೇಲೆ ಒಂದು ಹಗುರ ತಟ್ಟೆಯಿಟ್ಟು, ಅದು ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂದು ಅಳೆಯುತ್ತಾರೆ. 800 ಘನ ಇಂಚು ತುಂಬಿದರೆ ಫಿಲ್ ಪವರ್ 800. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 28 ಗ್ರಾಂ ಡೌನ್ ಹದಿಮೂರು ಲೀಟರ್ ಜಾಗವನ್ನು ಆವರಿಸುತ್ತದೆ. ಹದಿಮೂರು ನೀರಿನ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಊಹಿಸಿಕೊಳ್ಳಿ. ಮಾರುಕಟ್ಟೆಯಲ್ಲಿ 600ರಿಂದ 950ರವರೆಗಿನ, ಕೆಲವೊಮ್ಮೆ ಅದಕ್ಕೂ ಮೇಲಿನ ಡೌನ್ ಸಿಗುತ್ತದೆ.

ಹೆಚ್ಚು ಫಿಲ್ ಪವರ್ ಎಂದರೆ ಹೆಚ್ಚು ಬೆಚ್ಚಗೆ ಎಂಬ ತಪ್ಪು ತಿಳಿವಳಿಕೆ ಇಲ್ಲಿಂದಲೇ ಶುರುವಾಗುತ್ತದೆ. ಫಿಲ್ ಪವರ್ ಹೇಳುವುದು ಡೌನಿನ ಗುಣವನ್ನು, ಪ್ರಮಾಣವನ್ನಲ್ಲ. 950ರ ಡೌನನ್ನು ಜಿಪುಣತನದಿಂದ ಉದುರಿಸಿ ತೆಳುವಾದ ಚೀಲವನ್ನೂ ಮಾಡಬಹುದು, 650ರದ್ದನ್ನು ಧಾರಾಳವಾಗಿ ತುಂಬಿ ದಪ್ಪ ಚೀಲವನ್ನೂ ಮಾಡಬಹುದು. ಬೆಚ್ಚಗಿರುವುದು ಎರಡನೆಯದೇ. ಹಾಗಾಗಿ ನೋಡಬೇಕಾದ ನಾಲ್ಕನೆಯ ಸಂಖ್ಯೆ ಎಂದರೆ ಚೀಲದೊಳಗೆ ತುಂಬಿರುವ ಡೌನಿನ ತೂಕ. ಚೀಲದ ಒಟ್ಟು ತೂಕವನ್ನು ಎಲ್ಲರೂ ಬರೆಯುತ್ತಾರೆ. ಒಳಗಿನ ಡೌನ್ ಎಷ್ಟು ಗ್ರಾಂ ಎಂದು ಬರೆಯದ ತಯಾರಕರ ಪುಟವನ್ನು ನಾನು ಅಲ್ಲಿಗೇ ಮುಚ್ಚುತ್ತೇನೆ.

ಡೌನಿನ ತೂಕವನ್ನು ಔನ್ಸ್‌ನಲ್ಲಿ ಇಟ್ಟುಕೊಂಡು ಫಿಲ್ ಪವರಿನಿಂದ ಗುಣಿಸಿ. ಬರುವ ಸಂಖ್ಯೆ ಒಟ್ಟು ಉಬ್ಬು, ಚೀಲ ಹಿಡಿದಿಡಬಲ್ಲ ಗಾಳಿಯ ಅಂದಾಜು. 800 ಫಿಲ್ ಪವರಿನ 16 ಔನ್ಸ್ ಡೌನ್ ಇದ್ದರೆ 12,800. ಇಷ್ಟೇ ಉಬ್ಬು ಬೇಕು, ಆದರೆ ಡೌನಿನ ಗುಣ ಬೇರೆ ಎನ್ನಿ. 600ರದ್ದಾದರೆ ಸುಮಾರು 605 ಗ್ರಾಂ ಬೇಕು. 800ರದ್ದಾದರೆ 454 ಗ್ರಾಂ. 950ರದ್ದಾದರೆ 382 ಗ್ರಾಂ. 600ರಿಂದ 800ಕ್ಕೆ ಏರಿದಾಗ ಬೆನ್ನಿನ ಮೇಲಿನ ಹೊರೆ 150 ಗ್ರಾಂ ಇಳಿಯಿತು. 800ರಿಂದ 950ಕ್ಕೆ ಏರಿದಾಗ ಇಳಿದದ್ದು ಬರೀ 72 ಗ್ರಾಂ, ಆದರೆ ಜೇಬಿನ ಭಾರ ಇಳಿಯುವುದು ಇಲ್ಲಿಯೇ ಹೆಚ್ಚು. ಜತೆಗೆ ಅತಿ ನವಿರಾದ, ಅತಿ ಉಬ್ಬಿದ ಡೌನ್ ಪ್ರಯೋಗಾಲಯದ ಒಣ ಹವೆಯಲ್ಲಿ ತೋರಿಸಿದ ಉಬ್ಬನ್ನು ಮಳೆಗಾಲದ ಕಾಡಿನಲ್ಲಿ ತೋರಿಸುವುದಿಲ್ಲ. 850ರ ಆಸುಪಾಸಿನ ಡೌನ್ ಕೊಂಡು, ಉಳಿದ ದುಡ್ಡಿನಲ್ಲಿ ಒಂದೆರಡು ಔನ್ಸ್ ಹೆಚ್ಚುವರಿ ತುಂಬಿಸಿಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಆರ್ಡರ್ ಪಡೆದು ಹೊಲಿದುಕೊಡುವ ಸಣ್ಣ ತಯಾರಕರಲ್ಲಿ ಹಲವರು ಇದಕ್ಕೆ ಒಪ್ಪುತ್ತಾರೆ.

ತಾಪಮಾನದ ಸಂಖ್ಯೆಗೆ ಬರೋಣ, ನನ್ನನ್ನು ನಡುಗಿಸಿದ್ದು ಅದೇ. ಹಿಂದೆ ಪ್ರತಿ ಕಂಪನಿಯೂ ತನಗೆ ತೋಚಿದ ಸಂಖ್ಯೆಯನ್ನು ಬರೆಯುತ್ತಿತ್ತು. ಯುರೋಪಿನಲ್ಲಿ 2002ರಲ್ಲಿ ಇಎನ್ 13537 ಎಂಬ ಮಾನದಂಡ ಬಂತು. ಅದರ ಜಾಗಕ್ಕೆ 2016ರಲ್ಲಿ ಐಎಸ್‌ಒ 23537 ಬಂತು. ಪರೀಕ್ಷೆಯ ವಿಧಾನ ಕುತೂಹಲಕರವಾಗಿದೆ. ಮೈತುಂಬ ಹೀಟರ್ ಮತ್ತು ಸಂವೇದಕಗಳಿರುವ ಮನುಷ್ಯಾಕೃತಿಯ ಬೊಂಬೆಗೆ ಉದ್ದ ತೋಳಿನ ಒಳಉಡುಪು, ಸಾಕ್ಸ್ ತೊಡಿಸಿ, ಒಳ್ಳೆಯ ಶಾಖನಿರೋಧಕ ಚಾಪೆಯ ಮೇಲೆ, ಚೀಲದೊಳಗೆ ಮಲಗಿಸುತ್ತಾರೆ. ತಣ್ಣನೆಯ ಕೋಣೆಯಲ್ಲಿ ಬೊಂಬೆಯ ಮೈಯನ್ನು ಬೆಚ್ಚಗಿಡಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಚೀಲದ ನಿರೋಧಕ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ.

ಅದರಿಂದ ಮುಖ್ಯವಾಗಿ ಮೂರು ಸಂಖ್ಯೆಗಳು ಹೊರಡುತ್ತವೆ. ಕಂಫರ್ಟ್ ಎಂದರೆ ‘ಸರಾಸರಿ ಮಹಿಳೆ’, ಅಂದರೆ 25 ವರ್ಷದ, 60 ಕಿಲೋ ತೂಕದ ಕಾಲ್ಪನಿಕ ವ್ಯಕ್ತಿ, ಮೈ ಸಡಿಲಬಿಟ್ಟು ಚಳಿಯೆನಿಸದೆ ಮಲಗಬಲ್ಲ ತಾಪಮಾನ. ಲಿಮಿಟ್ ಎಂದರೆ ‘ಸರಾಸರಿ ಪುರುಷ’, 25 ವರ್ಷ, 70 ಕಿಲೋ, ಮಂಡಿಯನ್ನು ಎದೆಗೆಳೆದುಕೊಂಡು ಮುದುಡಿ ಮಲಗಿ, ನಡುಕ ಹುಟ್ಟುವ ಅಂಚಿನಲ್ಲಿ ರಾತ್ರಿ ಕಳೆಯಬಲ್ಲ ತಾಪಮಾನ. ಮೂರನೆಯದು ಎಕ್ಸ್‌ಟ್ರೀಮ್. ಅದು ನಿದ್ದೆಯ ಮಾತೇ ಅಲ್ಲ, ಆರು ಗಂಟೆ ಹೇಗೋ ಜೀವ ಹಿಡಿದುಕೊಳ್ಳುವ ಮಾತು. ಕೊಳ್ಳುವಾಗ ಆ ಸಂಖ್ಯೆ ಕಣ್ಣಿಗೆ ಬಿದ್ದರೂ ಬೀಳದಂತೆ ಇರಿ.

ಕಂಫರ್ಟ್‌ಗೂ ಲಿಮಿಟ್‌ಗೂ ಸಾಮಾನ್ಯವಾಗಿ ಐದಾರು ಡಿಗ್ರಿ ಅಂತರವಿರುತ್ತದೆ. ನನ್ನ ಚೀಲದ ಮೈನಸ್ 7 ಲಿಮಿಟ್ ಆಗಿತ್ತು. ಕಂಫರ್ಟ್ ಸೊನ್ನೆಯ ಹತ್ತಿರ. ನನಗೆ 25 ವರ್ಷ ದಾಟಿ ಬಹಳ ಕಾಲವಾಗಿದೆ. ಮಲೆನಾಡಿನ ಚಳಿಯನ್ನೇ ದೊಡ್ಡ ಚಳಿ ಎಂದುಕೊಂಡು ಬೆಳೆದ ಮೈ ಬೇರೆ. ಚಳಿ ಬೇಗ ತಟ್ಟುವ ಜಾತಿಯವರು, ಗಂಡಸರಾಗಲಿ ಹೆಂಗಸರಾಗಲಿ, ಕಂಫರ್ಟ್ ಸಂಖ್ಯೆಯನ್ನೇ ನಂಬಬೇಕು. ಪುಟದಲ್ಲಿ ಒಂದೇ ಸಂಖ್ಯೆ ಇದ್ದು, ಅದು ಯಾವುದೆಂದು ಹೇಳಿರದಿದ್ದರೆ ಲಿಮಿಟ್ ಎಂದೇ ತಿಳಿಯಿರಿ. ಸಣ್ಣ ತಯಾರಕರಲ್ಲಿ ಅನೇಕರು ಈ ದುಬಾರಿ ಪರೀಕ್ಷೆಯನ್ನು ಮಾಡಿಸುವುದೇ ಇಲ್ಲ. ಅವರು ತಮ್ಮ ಅನುಭವದಿಂದ ಸಂಖ್ಯೆ ಕೊಡುತ್ತಾರೆ. ಅಲ್ಲಿ ಬರೆದದ್ದಕ್ಕಿಂತ ಐದಾರು ಡಿಗ್ರಿ ಕಡಿಮೆ ಚಳಿಗಷ್ಟೇ ಚೀಲ ಸಾಕು ಎಂದುಕೊಳ್ಳುವುದು ಕ್ಷೇಮ.

ಬೊಂಬೆ ಮಲಗಿದ್ದ ಚಾಪೆಯನ್ನು ಮರೆಯಬೇಡಿ. ನಾನು ಮರೆತಿದ್ದೆ. ನೀವು ಮಲಗಿದಾಗ ಬೆನ್ನ ಕೆಳಗಿನ ಡೌನ್ ನಿಮ್ಮ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಉಬ್ಬಿಲ್ಲದ ಡೌನಿಗೂ ಒಂದು ಪದರ ಬಟ್ಟೆಗೂ ವ್ಯತ್ಯಾಸವಿಲ್ಲ. ಅಲ್ಲಿಂದ ಕೆಳಗೆ ನೆಲದ ತಂಪನ್ನು ತಡೆಯುವುದು ಚಾಪೆಯ ಕೆಲಸ. ಅದರ ಶಕ್ತಿಯನ್ನು ಆರ್-ಮೌಲ್ಯ ಎನ್ನುತ್ತಾರೆ. 2018ರಲ್ಲಿ ಎಎಸ್‌ಟಿಎಂ ಸಂಸ್ಥೆ ಇದಕ್ಕೊಂದು ಸಮಾನ ಪರೀಕ್ಷೆಯನ್ನು ಗೊತ್ತುಮಾಡಿದ ಮೇಲೆ ಒಂದು ಕಂಪನಿಯ ಚಾಪೆಯನ್ನು ಇನ್ನೊಂದರ ಜತೆ ಹೋಲಿಸುವುದು ಸಾಧ್ಯವಾಯಿತು. ಮಡಚುವ ಫೋಮ್ ಚಾಪೆಗಳ ಆರ್-ಮೌಲ್ಯ 2ರ ಆಸುಪಾಸು. ಒಳಗೆ ಶಾಖ ಪ್ರತಿಫಲಿಸುವ ಹಾಳೆಗಳಿರುವ, ಗಾಳಿ ತುಂಬುವ ಚಾಪೆಗಳದ್ದು 4 ದಾಟುತ್ತದೆ. ಒಂದರ ಮೇಲೊಂದು ಹಾಸಿದರೆ ಮೌಲ್ಯಗಳನ್ನು ಕೂಡಿಸಬಹುದು. ಆ ರಾತ್ರಿ ನನ್ನ ಕೆಳಗಿದ್ದದ್ದು ತೆಳ್ಳನೆಯ ಫೋಮ್. ತೂಕ ಉಳಿಸಿದೆ ಎಂದು ಬೀಗುತ್ತಿದ್ದೆ.

ಇದೇ ತರ್ಕ ಹಿಡಿದು ಹೊರಟರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಬೆನ್ನ ಕೆಳಗೆ ಡೌನ್ ಕೆಲಸಕ್ಕೆ ಬಾರದಿದ್ದರೆ ಅದನ್ನು ಅಲ್ಲಿ ಹೊತ್ತುಕೊಂಡು ಹೋಗುವುದೇಕೆ? ದೂರದ ನಡಿಗೆಯವರು ಕ್ವಿಲ್ಟ್‌ಗೆ ಮಾರುಹೋಗಿರುವುದು ಇದಕ್ಕಾಗಿಯೇ. ಇದಕ್ಕೆ ಬೆನ್ನಿನ ಭಾಗವಿಲ್ಲ, ತಲೆಗವುಸು ಇಲ್ಲ, ಹೆಚ್ಚಿನವುಗಳಲ್ಲಿ ಉದ್ದನೆಯ ಜಿಪ್ಪೂ ಇಲ್ಲ. ಕಾಲ ಬಳಿ ಮಾತ್ರ ಚೀಲದಂತೆ ಮುಚ್ಚಿರುತ್ತದೆ, ಉಳಿದದ್ದು ರಜಾಯಿಯ ಹಾಗೆ. ಎರಡು ಪಟ್ಟಿಗಳಿಂದ ಚಾಪೆಗೆ ಬಿಗಿಯುತ್ತಾರೆ. 1990ರ ದಶಕದಲ್ಲಿ ಅಮೆರಿಕದ ರೇ ಜಾರ್ಡೀನ್ ಮತ್ತು ಅವರ ಪತ್ನಿ ಮನೆಯಲ್ಲೇ ಹೊಲಿದ ಕ್ವಿಲ್ಟ್ ಹೊದ್ದು ಸಾವಿರಾರು ಮೈಲಿ ನಡೆದ ಮೇಲೆ ಈ ಹಗುರ ದಾರಿ ಜನಪ್ರಿಯವಾಯಿತು. ಲಿಮಿಟ್ ಮೈನಸ್ 7ರ ಸುತ್ತಮುತ್ತಲಿನ ಒಳ್ಳೆಯ ಮಮ್ಮಿ ಚೀಲ, ಅಂದರೆ ತಲೆಯಿಂದ ಕಾಲಿನವರೆಗೆ ಮೈಗೆ ಅಂಟಿದಂತೆ ಕಿರಿದಾಗುವ ಚೀಲ, 800ರಿಂದ 900 ಗ್ರಾಂ ತೂಗಿದರೆ, ಅದೇ ದರ್ಜೆಯ ಕ್ವಿಲ್ಟ್ 550ರಿಂದ 700 ಗ್ರಾಂನಲ್ಲಿ ಮುಗಿಯುತ್ತದೆ.

ಹಾಗಾದರೆ ಎಲ್ಲರೂ ಕ್ವಿಲ್ಟನ್ನೇ ಕೊಳ್ಳಬಾರದೇಕೆ? ನಿದ್ದೆಯಲ್ಲಿ ಹೊರಳುವವರಿದ್ದಾರಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಬದಿಯಿಂದ ತಣ್ಣನೆಯ ಗಾಳಿ ನುಗ್ಗಿದರೆ ಉಳಿಸಿದ 200 ಗ್ರಾಂ ನೆನೆದು ಸಮಾಧಾನವಾಗುವುದಿಲ್ಲ. ತಲೆಗೆ ಬೇರೆ ದಪ್ಪ ಟೋಪಿ ಬೇಕು. ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಿದರೆ ಉಳಿತಾಯ ಇನ್ನಷ್ಟು ಕುಗ್ಗುತ್ತದೆ. ಅಂಗಾತ ಅಲುಗಾಡದೆ ಮಲಗುವವರಿಗೆ, ಸೊನ್ನೆಯ ಆಚೀಚೆಯ ರಾತ್ರಿಗಳಿಗೆ ಕ್ವಿಲ್ಟ್ ಸೊಗಸು. ಮೈನಸ್ 10ಕ್ಕಿಂತ ಕೆಳಗೆ ನಾನಾದರೆ ಚೀಲವನ್ನೇ ಹಿಡಿಯುತ್ತೇನೆ.

ಹೊಲಿಗೆಯ ಮಾತು ಬಂದಾಗ ನನಗೆ ಉತ್ತರ ಕರ್ನಾಟಕದ ಕೌದಿ ನೆನಪಾಗುತ್ತದೆ. ಹಳೆಯ ಸೀರೆ, ಧೋತರಗಳ ಪದರಗಳನ್ನು ಒತ್ತೊತ್ತಾಗಿ ಹೊಲಿದ ಆ ಹೊದಿಕೆಯಲ್ಲಿ ದಾರ ಹಾದ ಜಾಗದಲ್ಲೂ ಬಟ್ಟೆಯ ಪದರಗಳು ಇದ್ದೇ ಇರುತ್ತವೆ. ಡೌನ್ ಚೀಲದಲ್ಲಿ ಮೇಲಿನ ಬಟ್ಟೆಯನ್ನು ಕೆಳಗಿನ ಬಟ್ಟೆಗೆ ನೇರವಾಗಿ ಹೊಲಿದರೆ ದಾರದ ಸಾಲಿನಲ್ಲಿ ಉಳಿಯುವುದು ಈರುಳ್ಳಿ ಸಿಪ್ಪೆಯಂಥ ಎರಡು ಬಟ್ಟೆಗಳು ಮಾತ್ರ. ಪ್ರತಿ ಹೊಲಿಗೆಯೂ ಚಳಿಗೊಂದು ಕಾಲುದಾರಿ. ಹಾಗೆ ಹೊಲಿದ ಚೀಲ ಬೇಸಿಗೆಗೆ ಸಾಕು. ಉಳಿದ ಕಾಲಕ್ಕೆ ಎರಡು ಬಟ್ಟೆಗಳ ನಡುವೆ ಸೊಳ್ಳೆಪರದೆಯಂಥ ಬಲೆಯ ಗೋಡೆಗಳನ್ನು ನಿಲ್ಲಿಸಿ ಹೊಲಿಯುತ್ತಾರೆ. ಈ ಗೋಡೆಗೆ ಬ್ಯಾಫಲ್ ಎಂದು ಹೆಸರು. ಗೋಡೆ ಇದ್ದರೆ ಡೌನ್ ಎಲ್ಲೆಡೆ ಒಂದೇ ದಪ್ಪದಲ್ಲಿ ನಿಲ್ಲುತ್ತದೆ.

ಬಟ್ಟೆಯನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ. ರಾಮನಗರದ ರೇಷ್ಮೆ ರೀಲರ್‌ಗಳಿಗೆ ಈ ಪದ ಹೊಸದಲ್ಲ: 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಹಗುರ ಚೀಲಗಳ ನೈಲಾನ್ 7, 10, 20 ಡೆನಿಯರ್. 10 ಡೆನಿಯರ್ ಎಳೆ ಒಂಬತ್ತು ಕಿಲೋಮೀಟರ್ ಉದ್ದವಿದ್ದರೂ ಹತ್ತೇ ಗ್ರಾಂ. ಚೀಲ ನೆಲಕ್ಕೆ ಉಜ್ಜುವುದಿಲ್ಲವಾದ್ದರಿಂದ 10 ಸಾಕು. 7ನ್ನು ಒರಟು ಕೈಯವರು ಮುಟ್ಟದಿರುವುದು ಒಳ್ಳೆಯದು.

ಅಳತೆ ಸರಿಹೊಂದದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಇಲ್ಲಿ ತಿರುಗಿಸಿ ಹೇಳಬೇಕು, ಕಾಲು ಇದ್ದಷ್ಟೇ ಹಾಸಿಗೆ ಕೊಳ್ಳಬೇಕು. ಚೀಲ ತೀರಾ ಉದ್ದವಾದರೆ ಖಾಲಿ ಜಾಗದ ಗಾಳಿಯನ್ನು ಬಿಸಿಮಾಡುವುದರಲ್ಲೇ ಮೈಯ ಶಾಖ ಸೋರಿಹೋಗುತ್ತದೆ. ತೀರಾ ಬಿಗಿಯಾದರೆ ಭುಜ, ಮಂಡಿ ಒಳಗಿನಿಂದ ಒತ್ತಿ ಉಬ್ಬನ್ನು ಚಪ್ಪಟೆ ಮಾಡುತ್ತವೆ. ಹೇಗೂ ಹೊತ್ತಿರುವ ಡೌನ್ ಜಾಕೆಟ್ ತೊಟ್ಟು ಮಲಗುವ ಯೋಚನೆಯಿದ್ದರೆ ಅದಕ್ಕೂ ಜಾಗ ಬಿಟ್ಟು ಸುತ್ತಳತೆ ಆರಿಸಿಕೊಳ್ಳಬೇಕು. ಭುಜದ ಸುತ್ತಳತೆಯನ್ನು ತಯಾರಕರು ಬರೆದಿರುತ್ತಾರೆ. ಜಾಕೆಟ್ ತೊಟ್ಟೇ ಟೇಪು ಹಿಡಿಯಿರಿ.

ಎಷ್ಟು ಚಳಿಗೆ ಕೊಳ್ಳಬೇಕು? ನಡಿಗೆಯ ಸರಾಸರಿ ರಾತ್ರಿಗೆ ಕೊಂಡರೆ ನನ್ನ ಪಾಡು. ಇಡೀ ಋತುವಿನಲ್ಲಿ ಒಮ್ಮೆ ಬರಬಹುದಾದ ಭಯಂಕರ ರಾತ್ರಿಗೆ ಕೊಂಡರೆ ಉಳಿದೆಲ್ಲ ದಿನ ಅನಗತ್ಯ ಹೊರೆ. ಪದೇ ಪದೇ ಎದುರಾಗುವ ರಾತ್ರಿಗಳಲ್ಲಿ ಅತಿ ಚಳಿಯದು ಯಾವುದೋ ಅದಕ್ಕೆ ಕಂಫರ್ಟ್ ಸಂಖ್ಯೆ ಹೊಂದಿಸಿ, ಅಪರೂಪದ ರಾತ್ರಿಗೆ ಜಾಕೆಟ್, ಟೋಪಿ, ಒಣ ಸಾಕ್ಸ್ ಇವೆ ಎಂದುಕೊಳ್ಳುವುದು ನನ್ನ ಲೆಕ್ಕ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಐದು ತಿಂಗಳು ಒಂದೇ ಚೀಲ ನಡೆಸಬೇಕು: ಏಪ್ರಿಲ್‌ನಲ್ಲಿ ದಕ್ಷಿಣದ ಮರುಭೂಮಿ, ಜೂನ್‌ನಲ್ಲಿ 4,009 ಮೀಟರಿನ ಫಾರೆಸ್ಟರ್ ಪಾಸ್ ದಾಟುವ ಸಿಯೆರಾ ನೆವಾಡ, ಸೆಪ್ಟೆಂಬರ್‌ನಲ್ಲಿ ಮಳೆ ಸುರಿಯುವ ವಾಷಿಂಗ್ಟನ್ ರಾಜ್ಯ. ಬಹಳ ಮಂದಿ ಅಲ್ಲಿ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 7ರ ದರ್ಜೆಯ ಚೀಲವನ್ನೇ ಹೊರುತ್ತಾರೆ. ಚಳಿ ತಟ್ಟುವವರು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ.

ನಿಮ್ಮ ದಾರಿಯ ರಾತ್ರಿಗಳನ್ನು ಅಂದಾಜಿಸಲು ಸುಲಭ ಉಪಾಯವಿದೆ. ಹತ್ತಿರದ ಪಟ್ಟಣದ ಹವಾಮಾನ ನೋಡಿ, ಪ್ರತಿ ಸಾವಿರ ಮೀಟರ್ ಏರಿಕೆಗೆ ಸುಮಾರು ಆರೂವರೆ ಡಿಗ್ರಿ ಕಳೆಯಿರಿ. ಸಿಯೆರಾದ ಪೂರ್ವದ ಬಿಷಪ್ ಪಟ್ಟಣ ಸುಮಾರು 1,260 ಮೀಟರ್ ಎತ್ತರದಲ್ಲಿದೆ. ನೀವು ತಂಗುವುದು 3,260 ಮೀಟರಿನಲ್ಲಾದರೆ ಹದಿಮೂರು ಡಿಗ್ರಿ ಕಡಿಮೆ. ಆದರೆ ನಿಶ್ಚಲವಾದ, ಮೋಡವಿಲ್ಲದ ರಾತ್ರಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ಹುಲ್ಲುಗಾವಲಿನ ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಟುವಾಲಮಿಯಲ್ಲಿ ನಾನು ನೆಲ ಸಮತಟ್ಟಾಗಿದೆ ಎಂದು ಸಂತೋಷಪಟ್ಟು ಮಲಗಿದ್ದು ಅಂಥ ಗಾಳಿಯ ಕೆರೆಯ ತಳದಲ್ಲಿ. ಹದಿನೈದಿಪ್ಪತ್ತು ಮೀಟರ್ ಮೇಲೆ, ಮರಗಳ ನಡುವೆ ಮಲಗಿದವರು ಬೆಳಗ್ಗೆ ಆರಾಮಾಗಿ ಆಕಳಿಸುತ್ತ ಬಂದರು.

ಡೌನಿನ ಶತ್ರು ನೀರು. ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಬ್ಬು ಕುಸಿಯುತ್ತದೆ. ಮಳೆಯಾದರೂ ಕಣ್ಣಿಗೆ ಕಾಣುವ ಶತ್ರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಆಯಿತು. ಕಾಣದ್ದು ನಿಮ್ಮದೇ ಮೈಯ ಆವಿ. ರಾತ್ರಿಯಿಡೀ ಚರ್ಮದಿಂದ ಹೊರಟ ಆವಿ ಹೊರಪದರದ ಹತ್ತಿರ ತಣ್ಣಗಾಗಿ ಡೌನಿನಲ್ಲೇ ತೇವವಾಗಿ ಉಳಿಯುತ್ತದೆ. ಒಂದು ರಾತ್ರಿಗೆ ಗೊತ್ತಾಗುವುದಿಲ್ಲ. ವಾರಗಟ್ಟಲೆ ನಡೆದರೆ ದಿನದಿನಕ್ಕೆ ಚೀಲ ಸಪ್ಪೆಯಾಗುತ್ತ ಬರುತ್ತದೆ. ಅದಕ್ಕೇ ಅನುಭವಿಗಳು ಮಧ್ಯಾಹ್ನ ಊಟಕ್ಕೆ ಕೂತಾಗ ಮೊದಲು ಚೀಲವನ್ನು ಬಂಡೆಯ ಮೇಲೆ ಬಿಸಿಲಿಗೆ ಹರಡುತ್ತಾರೆ. ಮನೆಯಲ್ಲಿ ಹಾಸಿಗೆ ಬಿಸಿಲಿಗೆ ಹಾಕುವ ಬುದ್ಧಿಯೇ ಇದು. ನೀರು ಅಂಟದಂತೆ ರಾಸಾಯನಿಕ ಲೇಪಿಸಿದ ಡೌನ್ ಕೂಡ ಸಿಗುತ್ತದೆ. ಅದು ನೆನೆಯುವುದು ನಿಧಾನ, ಒಣಗುವುದು ಬೇಗ. ಅಷ್ಟರಮಟ್ಟಿಗೆ ಒಳ್ಳೆಯದು, ಪವಾಡವೇನಲ್ಲ.

ಇದೇ ಕಾರಣಕ್ಕೆ ಪಶ್ಚಿಮ ಘಟ್ಟಗಳಿಗೆ ಇಂಥ ಚೀಲ ಕೊಳ್ಳಬೇಡಿ ಎನ್ನುತ್ತೇನೆ. ಅಲ್ಲಿನ ಬೆಟ್ಟಗಳಲ್ಲಿ ರಾತ್ರಿ ಕಳೆಯಲು ಮೈನಸ್ 7ರ ಡೌನ್ ಹೊತ್ತವರು ಒಳಗೆ ಬೆವೆತು, ಹೊರಗೆ ಮಂಜಿನಲ್ಲಿ ನೆನೆದು, ಎರಡೂ ಕಡೆಯಿಂದ ಡೌನನ್ನು ಕೊಲ್ಲುತ್ತಾರೆ. ಅಲ್ಲಿಗೆ ತೆಳುವಾದ ಸಿಂಥೆಟಿಕ್ ಚೀಲವೋ ಒಂದು ಒಳ್ಳೆಯ ಕಂಬಳಿಯೋ ಸಾಕು.

ಹಕ್ಕಿಯ ತುಪ್ಪಳವೇ ಬೇಡ ಎನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಡೌನ್ ಬಹುಪಾಲು ಮಾಂಸೋದ್ಯಮದ ಉಪ ಉತ್ಪನ್ನ. ಜೀವಂತ ಹಕ್ಕಿಯಿಂದ ಕಿತ್ತದ್ದಲ್ಲ, ಬಲವಂತದಿಂದ ತಿನ್ನಿಸಿ ಬೆಳೆಸಿದ ಹಕ್ಕಿಯದ್ದಲ್ಲ ಎಂದು ಖಾತರಿಪಡಿಸುವ ಆರ್‌ಡಿಎಸ್ ಎಂಬ ಪ್ರಮಾಣಪತ್ರ 2014ರಿಂದ ಇದೆ. ಆ ಮುದ್ರೆಯಿಲ್ಲದ್ದನ್ನು ಕೊಳ್ಳದಿರುವುದು ಕನಿಷ್ಠ ಮರ್ಯಾದೆ. ಅಷ್ಟೂ ಒಪ್ಪಿಗೆಯಾಗದಿದ್ದರೆ ಸಿಂಥೆಟಿಕ್ ಕ್ವಿಲ್ಟ್‌ಗಳಿವೆ. ಅಷ್ಟೇ ಶಾಖಕ್ಕೆ ಕೆಲವು ನೂರು ಗ್ರಾಂ ಹೆಚ್ಚು ಹೊರಬೇಕಾಗುತ್ತದೆ, ಹಲವು ಸಲ ಒತ್ತಿ ಮಡಚಿದ ಮೇಲೆ ಅವುಗಳ ಉಬ್ಬು ಡೌನಿಗಿಂತ ಬೇಗ ಸೋಲುತ್ತದೆ. ಆದರೆ ತೇವದಲ್ಲಿ ಅವು ಕೈಬಿಡುವುದಿಲ್ಲ. ಅಂದ ಹಾಗೆ, 1955ರಲ್ಲಿ 67ನೆಯ ವಯಸ್ಸಿನಲ್ಲಿ ಅಮೆರಿಕದ ಪೂರ್ವ ಭಾಗದ ದೂರದ ಕಾಲುದಾರಿಯಾದ ಅಪಲಾಚಿಯನ್ ಟ್ರೇಲನ್ನು ಪೂರ್ತಿ ಒಬ್ಬರೇ ನಡೆದ ಎಮ್ಮಾ ಗೇಟ್‌ವುಡ್ ಅಜ್ಜಿಯ ಬಳಿ ಸ್ಲೀಪಿಂಗ್ ಬ್ಯಾಗೇ ಇರಲಿಲ್ಲ. ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಎಲ್ಲವನ್ನೂ ತುಂಬಲು ತಾನೇ ಹೊಲಿದ ಬಟ್ಟೆಯ ಚೀಲ.

ಚೀಲ ಮನೆಗೆ ಬಂದ ದಿನ ಮಾಡಬೇಕಾದ ಕೆಲಸವೊಂದಿದೆ. ಅದು ಒತ್ತಿ ತುಂಬಿದ ಪುಟ್ಟ ಗಂಟಾಗಿ ಬಂದಿರುತ್ತದೆ. ಬಿಚ್ಚಿ, ಮೆಲ್ಲಗೆ ಕೊಡವಿ, ನೆಲದ ಮೇಲೆ ಹರಡಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಸ್ಕೇಲ್ ಹಿಡಿದು ಒಂದು ಪದರದ ದಪ್ಪವನ್ನು ಅಳೆಯಿರಿ. ಮೈನಸ್ 7 ಎನ್ನುವ ಚೀಲದ ಅಥವಾ ಕ್ವಿಲ್ಟಿನ ಮೇಲ್ಪದರ ಸುಮಾರು ಆರು ಸೆಂಟಿಮೀಟರ್ ಎದ್ದು ನಿಂತಿರಬೇಕು. ದೀಪಕ್ಕೆ ಹಿಡಿದು ಡೌನಿಲ್ಲದ ಖಾಲಿ ಜಾಗಗಳಿವೆಯೇ ನೋಡಿ. ಇದ್ದರೆ ಕೈಯಿಂದ ತಟ್ಟಿ ಡೌನನ್ನು ಅಲ್ಲಿಗೆ ಸರಿಸಿ, ಮತ್ತೊಮ್ಮೆ ಅಳೆಯಿರಿ. ನಾಲ್ಕೇ ಸೆಂಟಿಮೀಟರ್ ಬಂದರೆ ಬೆಲೆಚೀಟಿ ಕೀಳದೆ, ಹಿಂತಿರುಗಿಸುವ ಗಡುವು ಮುಗಿಯುವ ಮೊದಲೇ ವಾಪಸ್ ಕಳಿಸಿ. ಸರಿಯಾಗಿದ್ದರೆ ಅದನ್ನು ತುಂಬಿ ಕಳಿಸಿದ್ದ ಪುಟ್ಟ ಹೊರಚೀಲವನ್ನು ನಡಿಗೆಗೆಂದು ಎತ್ತಿಟ್ಟು, ಸ್ಲೀಪಿಂಗ್ ಬ್ಯಾಗನ್ನು ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿ ತುಂಬಿ ಬೀರುವಿನ ಮೇಲಿಡಿ.